ಆಟ ಬಿಟ್ಟ ಕ್ವಾರ್ಟರ್‌ಬ್ಯಾಕ್ ಮೈಕಿನ ಮುಂದೆ ಕುಳಿತಾಗ ಏನು ಹೇಳಬೇಕು?

ಪ್ರಶ್ನೆ: ಹಳೆಯ ರೇಡರ್, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ.

ನಾನು ಇಪ್ಪತ್ತೆರಡು ವರ್ಷ ಕಬಡ್ಡಿ ಆಡಿದವನು. ನಗರದ ಎನ್.ವಿ. ಮೈದಾನದಲ್ಲಿ ಆಟ ಕಲಿತು, ಮೊದಲು ಕಾಲೇಜಿಗೆ, ಆಮೇಲೆ ನೌಕರಿ ಕೊಟ್ಟ ಇಲಾಖೆಯ ತಂಡಕ್ಕೆ ರೇಡರ್ ಆಗಿ ಆಡಿದೆ. ಬಲ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕಳೆದ ವರ್ಷ ಆಟ ನಿಲ್ಲಿಸಿದೆ. ಈಗ ಸಂಜೆ ಹೊತ್ತು ಹುಡುಗರಿಗೆ ಕಲಿಸುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಕಡೆಯ ಒಂದು ಕೇಬಲ್ ವಾಹಿನಿಯವರು ಬಂದು, ಆಳಂದ ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಡಬೇಕೆಂದು ಕೇಳಿದರು. ಒಪ್ಪಿಕೊಂಡು ಒಂದು ರಾತ್ರಿ ಕುಳಿತೆ. ಮರುದಿನ ಬೆಳಿಗ್ಗೆ, ನನ್ನ ಜೊತೆ ಎಡ ಕಾರ್ನರ್‌ನಲ್ಲಿ ವರ್ಷಾನುಗಟ್ಟಲೆ ಆಡಿದ ಗೆಳೆಯ ಚಹಾ ಅಂಗಡಿಯಲ್ಲಿ ಸಿಕ್ಕು, "ರೈಡರ್ ಒಳಗೆ ಬಂದ, ಕಾಲು ಚಾಚಿದ, ಸಿಕ್ಕಿಬಿದ್ದ ಅಂತ ನೀ ಹೇಳಿದ್ದೆಲ್ಲ ನಮ್ಮ ಕಣ್ಣಿಗೂ ಕಂಡಿತ್ತು, ಅವನು ಯಾಕೆ ಸಿಕ್ಕಿಬಿದ್ದ ಅನ್ನೋದು ನಿನಗೊಬ್ಬನಿಗೇ ಗೊತ್ತಿತ್ತು, ಅದನ್ನು ಮಾತ್ರ ನೀ ಹೇಳಲಿಲ್ಲ" ಎಂದ. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅದೇ ವಾರ, ಟೆಕ್ಸಾಸ್‌ನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಟೋನಿ ರೋಮೊ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ವಿವರಣೆಯ ತುಣುಕುಗಳನ್ನು ಕಳಿಸಿದ. ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಬೇರೆ, ಈ ಆಟ ಬೇರೆ ಎಂಬುದನ್ನು ಮೊದಲು ಅವನೇ ತಿಳಿಸಿಕೊಡಬೇಕಾಯಿತು. ರೋಮೊ ಅವರು ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ವರ್ಷಗಟ್ಟಲೆ, ಆಟವನ್ನು ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದು, 2017ರ ಏಪ್ರಿಲ್‌ನಲ್ಲಿ ಆಟ ಬಿಟ್ಟು ನೇರವಾಗಿ ಸಿಬಿಎಸ್ ವಾಹಿನಿಯ ಮೊದಲ ದರ್ಜೆಯ ವಿವರಣೆಗಾರರ ಕುರ್ಚಿಗೆ ಬಂದರಂತೆ. ಆ ತುಣುಕುಗಳಲ್ಲಿ ಅವರು, ಚೆಂಡು ಇನ್ನೂ ನೆಲದ ಮೇಲಿರುವಾಗಲೇ, ಅದು ಯಾವ ಕಡೆ ಹೋಗುತ್ತದೆ, ಯಾರು ಓಡುತ್ತಾರೆ ಎಂದು ಹೇಳುತ್ತಾರೆ, ಮುಂದಿನ ಗಳಿಗೆಯಲ್ಲಿ ಹಾಗೆಯೇ ಆಗುತ್ತದೆ. ಭಾಷೆ ನನಗೆ ಅರ್ಧವಷ್ಟೇ ತಿಳಿಯಿತು. ಆದರೆ ನನ್ನ ಗೆಳೆಯ ನನ್ನಿಂದ ಬಯಸಿದ್ದು ಏನೆಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಈ ಆಟವನ್ನು ಬಲ್ಲವರು ತಿಳಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಮೈಕ್ ಹಿಡಿದ ಅನುಭವವೇ ಇಲ್ಲದ ಮನುಷ್ಯನಿಗೆ ಮೊದಲ ಕುರ್ಚಿಯಲ್ಲೇ ಹೀಗೆ ಮಾತನಾಡಲು ಹೇಗೆ ಸಾಧ್ಯವಾಯಿತು? ಆಗಲಿರುವುದನ್ನು ಮೊದಲೇ ಹೇಳಿಬಿಟ್ಟರೆ ನೋಡುವವರ ಕುತೂಹಲ ಕೆಡುವುದಿಲ್ಲವೇ? ಜಾತ್ರೆ ಇನ್ನೂ ಮುಗಿದಿಲ್ಲ. ಸೆಮಿಫೈನಲ್ ಮತ್ತು ಫೈನಲ್ ಬರುವ ಶನಿವಾರ, ಭಾನುವಾರ ಇವೆ. ಆ ಎರಡು ರಾತ್ರಿಯಾದರೂ ನಾನು ಸರಿಯಾಗಿ ಮಾತನಾಡಬೇಕೆಂಬ ಆಸೆಯಿದೆ.

ಉತ್ತರ 1: ಬೀದರಿನವನು, ಈಗ ಡಲ್ಲಾಸ್ ಬಳಿ

ಮಾಸ್ತರರೇ, ನಮಸ್ಕಾರ. ಬೀದರಿನ ಕೋಟೆಯ ಹತ್ತಿರದ ಓಣಿಯಲ್ಲಿ ಬೆಳೆದವನು ನಾನು, ಹನ್ನೆರಡು ವರ್ಷಗಳಿಂದ ಡಲ್ಲಾಸ್ ಸಮೀಪ ನೌಕರಿಯಲ್ಲಿದ್ದೇನೆ. ಇಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಕೌಬಾಯ್ಸ್ ತಂಡದ ಆಟ. ರೋಮೊ ಅವರ ಕೊನೆಯ ವರ್ಷಗಳ ಆಟವನ್ನೂ ಅವರ ಮೊದಲ ವರ್ಷಗಳ ವಿವರಣೆಯನ್ನೂ ನಾನು ಒಂದೇ ಸೋಫಾದ ಮೇಲೆ ಕುಳಿತು ನೋಡಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಕ್ವಾರ್ಟರ್‌ಬ್ಯಾಕ್ ಮಾಡುವ ಕೆಲಸದಲ್ಲೇ ಇರುವುದರಿಂದ ಅದನ್ನು ಮೊದಲು ಹೇಳುತ್ತೇನೆ.

ಎರಡೂ ಕಡೆ ಹನ್ನೊಂದು ಜನ ನಿಲ್ಲುತ್ತಾರೆ. ಚೆಂಡು ಹೊಂದಿರುವ ತಂಡಕ್ಕೆ ನಾಲ್ಕು ಅವಕಾಶಗಳು, ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು; ಹೋದರೆ ಮತ್ತೆ ನಾಲ್ಕು ಅವಕಾಶ. ಒಂದು ಆಟ ಮುಗಿದ ಮೇಲೆ ಇನ್ನೊಂದು ಆರಂಭಿಸಲು ಸಾಮಾನ್ಯವಾಗಿ 40 ಸೆಕೆಂಡು ಸಿಗುತ್ತದೆ. ತರಬೇತುದಾರರು ಮುಂದಿನ ಯೋಜನೆಯನ್ನು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ಸಣ್ಣ ರೇಡಿಯೋ ಮೂಲಕ ಹೇಳುತ್ತಾರೆ, ಆದರೆ ಗಡಿಯಾರ 15 ಸೆಕೆಂಡಿಗೆ ಇಳಿದ ಕೂಡಲೇ ಆ ಸಂಪರ್ಕವನ್ನು ನಿಯಮದ ಪ್ರಕಾರ ಕತ್ತರಿಸಲಾಗುತ್ತದೆ. ಆಮೇಲಿನ ಹೊತ್ತು ಆ ಒಬ್ಬ ಆಟಗಾರನದೇ. ಎದುರಾಳಿಗಳ ಹಿಂಬದಿಯಲ್ಲಿ ಒಬ್ಬ ನಿಂತಿದ್ದಾನೋ ಇಬ್ಬರೋ ಎಂದು ನೋಡುತ್ತಾನೆ. ತನ್ನ ಕಡೆಯ ಒಬ್ಬನನ್ನು ಬೇಕೆಂದೇ ಈ ಬದಿಯಿಂದ ಆ ಬದಿಗೆ ಓಡಿಸುತ್ತಾನೆ. ಎದುರಿನವನೊಬ್ಬ ಅವನ ಬೆನ್ನು ಹತ್ತಿ ಬಂದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಆಳನ್ನು ಕಾಯುತ್ತಿದ್ದಾರೆಂದು, ಯಾರೂ ಕದಲದಿದ್ದರೆ ಜಾಗವನ್ನು ಕಾಯುತ್ತಿದ್ದಾರೆಂದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಯೋಜನೆ ಹೊಂದುವುದಿಲ್ಲವೆನಿಸಿದರೆ ಅಲ್ಲೇ ಕೂಗಿ ಬದಲಿಸುತ್ತಾನೆ. ನೀವು ಮಧ್ಯರೇಖೆ ದಾಟಿದ ಮೇಲೆ ಸುಳ್ಳೇ ಒಂದು ಹೆಜ್ಜೆ ಇಟ್ಟು ಕಾರ್ನರ್‌ನವನ ಕಾಲು ಹೇಗೆ ಕದಲುತ್ತದೆಂದು ನೋಡುತ್ತಿದ್ದಿರಲ್ಲ, ಇದೂ ಅದೇ ಜಾತಿಯ ವಿದ್ಯೆ.

ರೋಮೊ ಅವರು ದೂರದರ್ಶನಕ್ಕೆ ತಂದದ್ದು ಆ ಹದಿನೈದು ಸೆಕೆಂಡುಗಳನ್ನು. ಇಷ್ಟು ವರ್ಷ ಹೆಲ್ಮೆಟ್ಟಿನೊಳಗೆ ಮೌನವಾಗಿ ಮಾಡುತ್ತಿದ್ದ ಯೋಚನೆಯನ್ನೇ ಅವರು ಗಟ್ಟಿಯಾಗಿ ಮಾಡತೊಡಗಿದರು. ಹಾಗಾಗಿ ಅನುಭವವಿಲ್ಲದೆ ಬಂದರು ಎನ್ನುವುದು ಪೂರ್ತಿ ಸರಿಯಲ್ಲ ಎಂದು ನನಗನ್ನಿಸುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2003ರಲ್ಲಿ ಆಟಗಾರರ ಆಯ್ಕೆ ನಡೆದಾಗ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಆಮೇಲೆ ಕೌಬಾಯ್ಸ್ ತಂಡದವರು ಹೆಚ್ಚುವರಿಯಾಗಿ ಸೇರಿಸಿಕೊಂಡರು. ಲೀಗ್ ಪಂದ್ಯದಲ್ಲಿ ಮೊದಲ ಸಲ ಚೆಂಡು ಎಸೆಯುವ ಅವಕಾಶ ಅವರಿಗೆ ಸಿಕ್ಕಿದ್ದು 2006ರಲ್ಲಿ. ಮೂರು ವರ್ಷ ಗೆರೆಯ ಹೊರಗೆ ನಿಂತು ಇತರರ ಆಟವನ್ನು ಓದಿದ ಮನುಷ್ಯ ಅವರು. ವಿವರಣೆಗಾರರಾಗಿ ಅವರು ಮಾಡಿದ್ದು ಆ ಮೂರು ವರ್ಷಗಳ ಕೆಲಸದ ಮುಂದುವರಿಕೆ ಎಂದೇ ನಾನು ಭಾವಿಸುತ್ತೇನೆ.

ಸೋಲಿನ ರುಚಿಯನ್ನೂ ಅವರು ಬಲ್ಲರು. 2007ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ನಡೆದ ನಾಕೌಟ್ ಪಂದ್ಯದ ಕೊನೆಯಲ್ಲಿ, ಗೋಲಿಗೆ ಒದೆಯಲು ಚೆಂಡನ್ನು ನೆಲಕ್ಕೆ ಒತ್ತಿ ಹಿಡಿಯುವಷ್ಟು ಚಿಕ್ಕ ಕೆಲಸದಲ್ಲಿ ಅವರ ಕೈ ತಪ್ಪಿ ತಂಡ ಸೋತಿತು. 2016ರ ಆಗಸ್ಟ್‌ನಲ್ಲಿ, ಋತು ಆರಂಭವಾಗುವ ಮೊದಲೇ, ಅದೇ ಸಿಯಾಟಲ್ ತಂಡದ ವಿರುದ್ಧ ಬೆನ್ನಿನ ಮೂಳೆಗೆ ಪೆಟ್ಟಾಯಿತು. ಅವರ ಜಾಗಕ್ಕೆ ಬಂದ ಹೊಸ ಹುಡುಗ ಡ್ಯಾಕ್ ಪ್ರೆಸ್ಕಾಟ್ ಇದ್ದ ಆ ವರ್ಷ ತಂಡ 16 ಪಂದ್ಯಗಳಲ್ಲಿ 13 ಗೆದ್ದಿತು. ನವೆಂಬರ್‌ನಲ್ಲಿ ರೋಮೊ ಎಲ್ಲರೆದುರು ನಿಂತು, ಆ ಜಾಗವನ್ನು ಹುಡುಗ ತನ್ನ ಆಟದಿಂದ ಗಳಿಸಿಕೊಂಡಿದ್ದಾನೆ ಎಂದು ಒಪ್ಪಿಕೊಂಡರು. ಅದನ್ನು ನೋಡಿದ ದಿನ ನಮ್ಮ ಕಚೇರಿಯಲ್ಲಿ ಹಲವರ ಗಂಟಲು ಕಟ್ಟಿತ್ತು. ಇಂಥವರು ಎದುರಿಗಿರುವ ಆಟಗಾರನ ತಪ್ಪನ್ನು ತೋರಿಸಿದಾಗ ಅದರಲ್ಲಿ ಕಹಿ ಇರುವುದಿಲ್ಲ. ಅದು ತಾನು ಮಾಡಿದ ತಪ್ಪೇ ಎಂಬ ದನಿ ಇರುತ್ತದೆ.

ಕುತೂಹಲ ಕೆಡುವುದೇ ಎಂದು ಕೇಳಿದಿರಿ. 2019ರ ಜನವರಿಯಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ನಡೆದ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಹೆಚ್ಚುವರಿ ಸಮಯದಲ್ಲಿ 37-31ರಿಂದ ಗೆದ್ದ ಆ ಪಂದ್ಯವನ್ನು ಹುಡುಕಿ ನೋಡಿ. ಕೊನೆಯ ಹಂತದಲ್ಲಿ ರೋಮೊ ಒಂದಾದ ಮೇಲೊಂದು ಆಟವನ್ನು ಮೊದಲೇ ಹೇಳುತ್ತ ಹೋದರು. ನಮ್ಮ ಕೋಣೆಯಲ್ಲಿದ್ದವರು ಚೆಂಡಿನ ಜೊತೆಗೆ ಅವರ ಮಾತನ್ನೂ ಕಾಯತೊಡಗಿದರು. ಕುತೂಹಲ ಕಡಿಮೆಯಾಗಲಿಲ್ಲ, ಎರಡರಷ್ಟಾಯಿತು. ಏಕೆಂದರೆ ಅವರು ಫಲವನ್ನು ಹೇಳುತ್ತಿರಲಿಲ್ಲ, ಪ್ರಯತ್ನವನ್ನು ಹೇಳುತ್ತಿದ್ದರು. ಈ ಕಡೆ ಎಸೆಯಲು ನೋಡುತ್ತಾರೆ ಎನ್ನುವುದು ಬೇರೆ, ಎಸೆದದ್ದು ಕೈಗೆ ಸಿಗುತ್ತದೆಯೇ ಎನ್ನುವುದು ಬೇರೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಈ ವಿದ್ಯೆಗೆ ವಯಸ್ಸಾಗುತ್ತದೆ. 2017ರಲ್ಲಿ ಅವರು ಹಿಂದಿನ ವರ್ಷದವರೆಗೆ ಎದುರಿಸಿದ್ದ ಆಟಗಾರರ ಬಗ್ಗೆಯೇ ಮಾತನಾಡುತ್ತಿದ್ದರು. ವರ್ಷ ಕಳೆದಂತೆ ಮೈದಾನಕ್ಕೆ ಹೊಸಬರು ಬಂದರು, ಹೊಸ ವ್ಯೂಹಗಳು ಬಂದವು, ರೋಮೊ ಅವರ ಮಾತಿನಲ್ಲಿ ಮುನ್ನೋಟ ಕಡಿಮೆಯಾಗಿ ಉದ್ಗಾರ ಹೆಚ್ಚಾಯಿತು ಎಂಬ ಟೀಕೆ ಇಲ್ಲಿ ಈಗ ಸಾಮಾನ್ಯವಾಗಿದೆ, ನನಗೂ ಅದರಲ್ಲಿ ಸತ್ಯವಿದೆಯೆನಿಸುತ್ತದೆ. ನೀವು ಆಟ ಬಿಟ್ಟು ಒಂದೇ ವರ್ಷವಾಗಿದೆ. ನಿಮ್ಮ ಕಣ್ಣು ಇನ್ನೂ ಹರಿತವಾಗಿರುವಾಗಲೇ ಮಾತನಾಡಿರಿ.

ಉತ್ತರ 2: ಪತ್ರಿಕೋದ್ಯಮ ಕಲಿಸುವವಳು, ಕಲಬುರಗಿ

ಸರ್, ಬೀದರಿನ ಅಣ್ಣನವರು ಆಟದ ಕಡೆಯಿಂದ ಹೇಳಿದ್ದಾರೆ, ನಾನು ಪ್ರಸಾರದ ಕಡೆಯಿಂದ ಹೇಳುತ್ತೇನೆ.

ಅಮೆರಿಕದ ಆ ಪ್ರಸಾರದಲ್ಲಿ ಎರಡು ಕುರ್ಚಿಗಳಿರುತ್ತವೆ, ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ಒಬ್ಬರು ಆಟ ನಡೆಯುವಾಗ ಯಾರು, ಎಲ್ಲಿ, ಎಷ್ಟು ಎಂಬುದನ್ನು ಹೇಳುತ್ತಾರೆ. ಇನ್ನೊಬ್ಬರು ಅದು ಏಕೆ ಹಾಗಾಯಿತೆಂದು ಬಿಡಿಸುತ್ತಾರೆ. ರೋಮೊ ಅವರ ಪಕ್ಕದಲ್ಲಿ ಮೊದಲ ಕೆಲಸಕ್ಕೆ ಜಿಮ್ ನ್ಯಾಂಟ್ಜ್ ಇದ್ದರು. ಅವರು ಹಲವಾರು ವರ್ಷಗಳಿಂದ ಅದೇ ವಾಹಿನಿಯ ದನಿಯಾಗಿದ್ದವರು. ಅಂಕ, ಸಮಯ, ಹೆಸರು, ಜಾಹೀರಾತಿಗೆ ಹೋಗುವ ಮಾತು ಇವೆಲ್ಲದರ ಭಾರವನ್ನು ನ್ಯಾಂಟ್ಜ್ ಹೊತ್ತದ್ದರಿಂದಲೇ ಹೊಸಬರಾದ ರೋಮೊ ತಮಗೆ ತಿಳಿದದ್ದನ್ನಷ್ಟೇ ಹೇಳುತ್ತ ಹಗುರವಾಗಿ ಕುಳಿತಿರಲು ಸಾಧ್ಯವಾಯಿತು. ನಿಮ್ಮ ಬರಹ ಓದಿದರೆ, ಆ ರಾತ್ರಿ ಎರಡೂ ಕೆಲಸವನ್ನು ನಿಮ್ಮೊಬ್ಬರ ತಲೆಗೆ ಕಟ್ಟಿದ್ದರೆಂದು ತೋರುತ್ತದೆ. ಹಾಗಿದ್ದರೆ ತಪ್ಪು ನಿಮ್ಮದಲ್ಲ. ದಯವಿಟ್ಟು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಬೇಕೆಂದು ಕೇಳಿರಿ. ಅಂಕ ಮತ್ತು ಹೆಸರು ಹೇಳಬಲ್ಲ ಒಬ್ಬ ವಿದ್ಯಾರ್ಥಿಯಾದರೂ ಸಾಕು.

ಇನ್ನೊಂದು ವ್ಯತ್ಯಾಸವನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ತುಣುಕುಗಳ ಅನುಕರಣೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆ ಆಟದಲ್ಲಿ ಮೂರು ಗಂಟೆಗೂ ಮೀರಿದ ಪ್ರಸಾರದಲ್ಲಿ ಚೆಂಡು ನಿಜವಾಗಿ ಚಲಿಸುವ ಹೊತ್ತು ಸುಮಾರು 11 ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಬಿಡುವು. ಹೀಗಾಗಿ ಪ್ರತಿ ಎರಡು ಆಟಗಳ ನಡುವೆ ವಿಶ್ಲೇಷಕರಿಗೆ ಉಸಿರಾಡಲು ಮತ್ತು ವಿವರಿಸಲು ಜಾಗವಿದೆ. ತರಬೇತುದಾರರಾಗಿದ್ದ ಜಾನ್ ಮ್ಯಾಡನ್ ಅವರು ಮರುಪ್ರಸಾರದ ಚಿತ್ರದ ಮೇಲೆ ಗೆರೆ ಎಳೆದು ತೋರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದೂ ಈ ಬಿಡುವಿನಲ್ಲೇ. ಕಬಡ್ಡಿಯಲ್ಲಿ ಆ ಬಿಡುವೆಲ್ಲಿದೆ? 30 ಸೆಕೆಂಡಿನ ರೈಡ್ ಮುಗಿದ ಐದೇ ಸೆಕೆಂಡಿನಲ್ಲಿ ಎದುರು ತಂಡದ ರೈಡರ್ ಹೊರಡಬೇಕು. ಇಪ್ಪತ್ತು ನಿಮಿಷದ ಒಂದು ಅವಧಿ ಹೀಗೆಯೇ ಓಡುತ್ತದೆ. ನೀವು ಪ್ರತಿ ರೈಡಿಗೂ ಕಾರಣ ಹೇಳಹೋದರೆ ನಿಮ್ಮ ಮಾತು ಆಟಕ್ಕಿಂತ ಎರಡು ರೈಡ್ ಹಿಂದೆ ಬೀಳುತ್ತದೆ. ಆದ್ದರಿಂದ ಮುನ್ನೋಟಕ್ಕೆ ಕೆಲವೇ ಗಳಿಗೆಗಳನ್ನು ಆರಿಸಿಕೊಳ್ಳಿರಿ. ಎರಡು ಖಾಲಿ ರೈಡ್‌ಗಳಾದ ಮೇಲೆ ಮೂರನೆಯದು ಮಾಡು-ಇಲ್ಲವೇ-ಮಡಿ ರೈಡ್ ಆದಾಗ, ಅಂಕಣದಲ್ಲಿ ಮೂವರೇ ಉಳಿದು, ಹೆಚ್ಚುವರಿ ಅಂಕ ತರುವ ಸೂಪರ್ ಟ್ಯಾಕಲ್‌ಗೆ ಹೊಂಚು ಹಾಕುವಾಗ, ಇಲ್ಲವೇ ಟೈಮ್‌ಔಟ್ ತೆಗೆದುಕೊಂಡಾಗ ಮಾತನಾಡಿರಿ. ಉಳಿದಾಗ ಪಕ್ಕದವರಿಗೆ ಬಿಡಿರಿ.

ಹೆಸರು ಮಾಡಿದ ಆಟಗಾರರೆಲ್ಲ ಮೈಕಿನ ಮುಂದೆ ಗೆದ್ದಿದ್ದಾರೆಂದು ಯಾರೂ ತಿಳಿಯಬಾರದು. ಕೌಬಾಯ್ಸ್ ತಂಡದ್ದೇ ಹಳೆಯ ಕ್ವಾರ್ಟರ್‌ಬ್ಯಾಕ್ ಡಾನ್ ಮೆರೆಡಿತ್ 1970ರಲ್ಲಿ ಸೋಮವಾರ ರಾತ್ರಿಯ ಪ್ರಸಾರ ಆರಂಭವಾದಾಗಲೇ ಜನರ ಮನ ಗೆದ್ದರು. ಅದೇ ತಂಡದ ಟ್ರಾಯ್ ಏಕ್‌ಮನ್ 2001ರಲ್ಲಿ ಆಟ ಬಿಟ್ಟು ಫಾಕ್ಸ್ ವಾಹಿನಿಗೆ ಬಂದು ಎರಡು ದಶಕಗಳ ಕಾಲ ಅಲ್ಲಿ ಉಳಿದು, 2022ರಲ್ಲಿ ಇಎಸ್‌ಪಿಎನ್‌ಗೆ ಹೋದರು. ಆದರೆ ನ್ಯೂ ಓರ್ಲಿಯನ್ಸ್‌ನ ಡ್ರೂ ಬ್ರೀಸ್ 2021ರಲ್ಲಿ ನಿವೃತ್ತರಾಗಿ ಎನ್‌ಬಿಸಿ ವಾಹಿನಿಗೆ ಬಂದು ಒಂದೇ ವರ್ಷದಲ್ಲಿ ಹೊರಗೆ ಹೋದರು. ಏಳು ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ಟಾಮ್ ಬ್ರೇಡಿ 2024ರ ಸೆಪ್ಟೆಂಬರ್‌ನಲ್ಲಿ ಫಾಕ್ಸ್‌ನಲ್ಲಿ ಆರಂಭಿಸಿದಾಗ, ಮೊದಲ ವಾರಗಳಲ್ಲಿ ಅವರ ಮಾತು ಬಿಗಿಯಾಗಿದೆ ಎಂಬ ದೂರು ಬಂದಿತು. ಆಟ ಆಡಿದ ಹಿರಿಮೆಗೂ ಅದನ್ನು ಬಿಡಿಸಿ ಹೇಳುವ ಶಕ್ತಿಗೂ ನೇರ ಸಂಬಂಧವಿಲ್ಲ. ಸೂಪರ್ ಬೌಲ್ ಅನ್ನು ಒಮ್ಮೆಯೂ ಆಡದ ರೋಮೊ ಅವರು ಬಂದ ಮೊದಲ ವರ್ಷವೇ ಜನಪ್ರಿಯರಾದದ್ದು ಇದಕ್ಕೆ ಸಾಕ್ಷಿ. ನಮ್ಮಲ್ಲಿ ನೋಡಿದರೆ, 1999ರಲ್ಲಿ ನೈರೋಬಿಯಲ್ಲಿ ನಡೆದ ತಮ್ಮ ಮೊದಲ ಏಕದಿನ ಸರಣಿಯಲ್ಲೇ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್ ಅವರ ಅಂತರರಾಷ್ಟ್ರೀಯ ಆಟ ಬಹಳ ಕಾಲ ನಡೆಯಲಿಲ್ಲ, ಆದರೆ ಕನ್ನಡದ ಕ್ರಿಕೆಟ್ ವಿವರಣೆಯಲ್ಲಿ ಅವರ ದನಿಯನ್ನು ಮನೆಮನೆಯವರೂ ಗುರುತಿಸುತ್ತಾರೆ.

ಕೊನೆಯದಾಗಿ ಒಂದು ಮಾತು. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ನೀವು ಸಂಜೆ ಹುಡುಗರಿಗೆ ಕಲಿಸುತ್ತೇನೆಂದು ಬರೆದಿದ್ದೀರಿ. ಆ ಹುಡುಗರು ಈ ಪಂದ್ಯಾವಳಿಯಲ್ಲಿ ಆಡುತ್ತಿದ್ದಾರೆಯೇ? ಬ್ರೇಡಿ ಅವರು ಲಾಸ್ ವೇಗಾಸ್ ರೈಡರ್ಸ್ ತಂಡದಲ್ಲಿ ಪಾಲು ತೆಗೆದುಕೊಂಡದ್ದಕ್ಕೆ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆ ಕಾರಣಕ್ಕಾಗಿ ಆ ಋತುವಿನಲ್ಲಿ ಲೀಗ್‌ನವರು ಅವರಿಗೆ ಕಟ್ಟುಪಾಡುಗಳನ್ನು ಹಾಕಿದರು. ಪಂದ್ಯಕ್ಕೆ ಮುಂಚೆ ವಿವರಣೆಗಾರರು ಎರಡೂ ತಂಡಗಳ ತರಬೇತುದಾರರನ್ನು, ಆಟಗಾರರನ್ನು ಕಂಡು ಮಾತನಾಡುವ ಸಭೆಗೆ ಅವರು ಹೋಗುವಂತಿರಲಿಲ್ಲ, ಇತರ ತಂಡಗಳ ಅಭ್ಯಾಸದ ಜಾಗಕ್ಕೂ ಕಾಲಿಡುವಂತಿರಲಿಲ್ಲ. ಒಂದು ತಂಡದ ಒಡೆತನದಲ್ಲಿ ಪಾಲಿರುವವರು ಇನ್ನೊಂದು ತಂಡದ ಗುಟ್ಟು ಕೇಳಬಾರದೆಂಬುದು ಅದರ ಕಾರಣ. ನಮ್ಮ ಜಾತ್ರೆಯ ಪಂದ್ಯಕ್ಕೆ ಅಂಥ ನಿಯಮವನ್ನು ಯಾರೂ ಬರೆದಿಲ್ಲ. ಬರೆಯದಿದ್ದಾಗ ಅದನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ.

ಉತ್ತರ 3: ಕೇಳುಗನ ಮಗ, ಯಾದಗಿರಿ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಿದೆ. ಕಣ್ಣಿಗೆ ಕಾಣುವುದನ್ನು ಹೇಳಬಾರದೆಂಬ ತೀರ್ಮಾನಕ್ಕೆ ಮಾಸ್ತರರು ಬರುತ್ತಿದ್ದಾರೆಂದು ಭಯವಾಗುತ್ತದೆ.

ನನ್ನ ತಂದೆಯವರಿಗೆ ಎಂಟು ವರ್ಷಗಳಿಂದ ದೃಷ್ಟಿಯಿಲ್ಲ. ಚಿಕ್ಕಂದಿನಲ್ಲಿ, ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯಲ್ಲಿದ್ದಾಗ, ತಮ್ಮ ಹಳ್ಳಿಯ ಶಾಲೆಯ ಅಂಗಳದಲ್ಲಿ ಕುಳಿತು ಅವರು ಮೊದಲ ಸಲ ಟಿವಿ ನೋಡಿದರು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಪ್ರಸಾರ ನಡೆಯಿತು, ಕರ್ನಾಟಕದಲ್ಲಿ ಅದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದಿತ್ತು. ಆ ಪೆಟ್ಟಿಗೆ ಕನ್ನಡ ಮಾತನಾಡಿದ್ದನ್ನು ತಂದೆಯವರು ಇಂದಿಗೂ ನೆನೆಯುತ್ತಾರೆ. ಈಗ ಅವರು ಅದೇ ಟಿವಿಯ ಮುಂದೆ ಕುಳಿತು ಪ್ರೊ ಕಬಡ್ಡಿಯನ್ನು ಕೇಳುತ್ತಾರೆ. ವಿವರಣೆಗಾರರು ವಿಶ್ಲೇಷಣೆಯಲ್ಲಿ ಮುಳುಗಿ, ಅಂಕಣದಲ್ಲಿ ಎಷ್ಟು ಜನ ಉಳಿದಿದ್ದಾರೆಂಬುದನ್ನೇ ಮರೆತರೆ, ತಂದೆಯವರು ನನ್ನ ತೋಳು ಹಿಡಿದು, "ಎಷ್ಟು ಮಂದಿ ಅದಾರ? ಬೋನಸ್ ಐತೇನು?" ಎಂದು ಕೇಳುತ್ತಾರೆ. ಆರು ಅಥವಾ ಹೆಚ್ಚು ಜನರಿದ್ದರಷ್ಟೇ ಬೋನಸ್ ಗೆರೆಗೆ ಬೆಲೆ ಎಂಬುದು ಅವರಿಗೆ ಗೊತ್ತು. ಆ ಒಂದು ಸಂಖ್ಯೆ ಸಿಕ್ಕರೆ ಉಳಿದ ಮುನ್ನೋಟವನ್ನು ಅವರೇ ಮಾಡಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿವಿಯಿಂದಲೇ ಪಂದ್ಯ ನೋಡುವ ನನ್ನ ತಾಯಿಯ ಸ್ಥಿತಿಯೂ ಅದೇ.

ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಕಾರಣ. ಪಕ್ಕದವರು ಲೆಕ್ಕ ಹೇಳಲು ಮರೆತರೆ ನೀವಾದರೂ ನೆನಪಿಸಿರಿ.

ಮಾತಿನ ಬಗ್ಗೆಯೂ ಒಂದು ಕೋರಿಕೆಯಿದೆ. ಅಂಕಣದಲ್ಲಿ ನಿಮ್ಮ ಬಾಯಿಗೆ ಬರುವ ಪದಗಳನ್ನೇ ಬಳಸಿರಿ. ಕಾರ್ನರ್, ಕವರ್, ಚೈನ್, ಡ್ಯಾಶ್, ಡುಬ್ಕಿ ಇವೆಲ್ಲ ನಮ್ಮ ಹಳ್ಳಿಯ ಹುಡುಗರ ಬಾಯಲ್ಲೂ ಇವೆ. ಟಿವಿಗೆಂದು ಹೊಸ ಸಂಸ್ಕೃತ ಪದ ಕಟ್ಟಿದರೆ ಆಡಿದವರಿಗೂ ತಿಳಿಯದು, ಆಡದವರಿಗೂ ತಿಳಿಯದು. ಕಾರ್ನರ್‌ನವನು ಆಂಕಲ್ ಹೋಲ್ಡ್‌ಗೆ ಹೊಂಚು ಹಾಕಿದ್ದಾನೆಂದು ನಿಮಗೆ ಯಾವ ಗುರುತಿನಿಂದ ತಿಳಿಯುತ್ತಿತ್ತು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿದರೂ ಸಾಕು, ನನ್ನ ತಂದೆಯವರು ಅದನ್ನು ವಾರವಿಡೀ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಉತ್ತರ 4: ಬಿ.ಪಿ.ಎಡ್. ವಿದ್ಯಾರ್ಥಿ, ಬೀದರ್

ಚಿಕ್ಕ ಮಾತೊಂದನ್ನು ಸೇರಿಸುತ್ತೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆಗೆ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. ಇದು ಅದೇ ಅಮೆರಿಕನ್ ಆಟದ ಮೈಮೇಲೆ ಬೀಳದ ರೂಪ. ಒಂದು ಕಡೆಗೆ ಐವರು ಆಡುತ್ತಾರೆ, ಎದುರಾಳಿಯನ್ನು ಕೆಡವುವ ಬದಲು ಅವನ ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತುಕೊಳ್ಳುತ್ತಾರೆ. ಅದರಲ್ಲೂ ಕ್ವಾರ್ಟರ್‌ಬ್ಯಾಕ್ ಇರುತ್ತಾನೆ. ಆಗ ಇದನ್ನು ಕನ್ನಡದಲ್ಲಿ ವಿವರಿಸುವವರು ಬೇಕಾಗುತ್ತಾರೆ. ಬೀದರಿನ ಅಣ್ಣನವರು ಮೇಲೆ ಬರೆದ ಹಾಗೆ ಗಜ, ಅವಕಾಶ ಎಂದು ಸರಳವಾಗಿ ಬರೆದರೆ ಈ ಆಟ ನಮಗೂ ಅರ್ಥವಾಗುತ್ತದೆ ಎಂಬುದು ನನಗೆ ಇಂದೇ ತಿಳಿಯಿತು. ಅವರು ಇನ್ನಷ್ಟು ಬರೆಯಬೇಕು.

ಪ್ರಶ್ನೆ ಕೇಳಿದವರ ಮರುಮಾತು: ಹಳೆಯ ರೇಡರ್, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಅವರು ಸಂಕೋಚದಿಂದ ಕೇಳಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಶನಿವಾರದ ಒಂದು ಸೆಮಿಫೈನಲ್‌ನಲ್ಲಿ ನನ್ನ ಬಳಿ ಕಲಿಯುವ ನಾಲ್ವರು ಹುಡುಗರಿದ್ದಾರೆ. ಮೊದಲ ರಾತ್ರಿ ಅವರಲ್ಲೊಬ್ಬ ಸಿಕ್ಕಿಬಿದ್ದಾಗ ನಾನು ಕಾರಣ ಹೇಳದೆ ಸುಮ್ಮನಿದ್ದೆ. ಅವನಿಗೆ ಬಲಗಾಲಿನಿಂದಲೇ ಒದೆಯುವ ಅಭ್ಯಾಸವಿದೆ, ಅದನ್ನು ಎದುರಾಳಿಗಳಿಗೆ ಕೇಳಿಸುವಂತೆ ಹೇಳಬಾರದೆಂದು ನನ್ನ ಮನಸ್ಸು ತಡೆದಿತ್ತು. ಗೆಳೆಯ ನನ್ನಲ್ಲಿ ಕಂಡ ಕೊರತೆಯ ಅರ್ಧ ಭಾಗ ಇದೇ ಇರಬಹುದೆಂದು ಈಗ ತಿಳಿಯುತ್ತಿದೆ. ನಿನ್ನೆ ವಾಹಿನಿಯವರಿಗೆ ಹೇಳಿ ಆ ಒಂದು ಸೆಮಿಫೈನಲ್ ಬಿಟ್ಟುಕೊಟ್ಟಿದ್ದೇನೆ. ಇನ್ನೊಂದಕ್ಕೆ ನಾನು ಕೂರುತ್ತೇನೆ. ನನ್ನ ಹುಡುಗರು ಫೈನಲ್‌ಗೆ ಬಂದರೆ ಅಂದೂ ಜನರ ನಡುವೆಯೇ ಕುಳಿತು ನೋಡುತ್ತೇನೆ.

ಅಂಕ ಮತ್ತು ಹೆಸರು ಹೇಳಲು ಕಾಲೇಜಿನ ಒಬ್ಬ ಹುಡುಗಿ ಒಪ್ಪಿಕೊಂಡಿದ್ದಾಳೆ, ಅವಳ ದನಿ ನನ್ನದಕ್ಕಿಂತ ಸ್ಪಷ್ಟವಾಗಿದೆ. ಪ್ರತಿ ರೈಡಿಗೂ ಅಂಕಣದಲ್ಲಿ ಎಷ್ಟು ಜನರಿದ್ದಾರೆಂದು ಹೇಳಲೇಬೇಕೆಂದು ಅವಳಿಗೆ ತಿಳಿಸಿದ್ದೇನೆ, ಅದು ಯಾದಗಿರಿಯ ಹಿರಿಯರಿಗಾಗಿ.

ನಿನ್ನೆ ರಾತ್ರಿ ಮೊಬೈಲಿನಲ್ಲಿದ್ದ ಹಿಂದಿನ ಪಂದ್ಯವನ್ನು ಹಾಕಿಕೊಂಡು, ದನಿ ಮುಚ್ಚಿ, ಮನೆಯಲ್ಲೇ ಅಭ್ಯಾಸ ಮಾಡಿದೆ. ಬೀದರಿನ ತಮ್ಮನವರು ಹೇಳಿದಂತೆ ಫಲವನ್ನು ಬಿಟ್ಟು ಪ್ರಯತ್ನವನ್ನು ಹೇಳಲು ನೋಡಿದೆ. ಎಡ ಕಾರ್ನರ್‌ನವನ ಭಾರ ಮುಂಗಾಲಿಗೆ ಬಂದು ಹಿಮ್ಮಡಿ ನೆಲ ಬಿಟ್ಟರೆ ಅವನು ಪಾದಕ್ಕೆ ಬೀಳಲು ಸಿದ್ಧನಾಗಿದ್ದಾನೆಂದು ಅರ್ಥ. ಚೈನ್‌ನಲ್ಲಿದ್ದವನು ಜೊತೆಗಾರನ ಕೈಯನ್ನು ಸಡಿಲಿಸಿದರೆ, ಮೈಯಿಂದ ನೂಕಿ ಹೊರಗೆ ಹಾಕುವ ಡ್ಯಾಶ್ ಬರುತ್ತದೆ. ಇಪ್ಪತ್ತೆರಡು ವರ್ಷ ಇವನ್ನು ನೋಡುತ್ತಲೇ ಇದ್ದೆ, ಆದರೆ ಒಮ್ಮೆಯೂ ಮಾತಿನಲ್ಲಿ ಹೇಳಿರಲಿಲ್ಲ. ಹತ್ತು ಸಲ ಹೇಳಿದೆ, ಆರು ಸಲ ಸರಿಯಾಯಿತು. ಒಂದು ತೊಂದರೆ ಉಳಿದಿದೆ: ಹಿಮ್ಮಡಿ ಕಾಣಬೇಕಾದರೆ ನಾನು ಅಂಕಣದ ಮಟ್ಟದಲ್ಲೇ ಕೂರಬೇಕು, ಅವರು ಹಾಕಿದ ಅಟ್ಟಣಿಗೆ ಎತ್ತರದಲ್ಲಿದೆ. ನಾಳೆ ಬೆಳಿಗ್ಗೆ ಹೋಗಿ ಮೇಜನ್ನು ಕೆಳಗೆ, ಎಡ ಮೂಲೆಯ ಹತ್ತಿರ ಹಾಕಿಸಲು ಕೇಳುತ್ತೇನೆ.